ಇನ್, ಆನ್, ಅಟ್ ಮತ್ತು ಅವುಗಳ ಬಳಗ: ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷಿನ ಕ್ರಿಯಾಪದಗಳು ಪಳಗಿದ ಮೇಲೂ, ಸಂದರ್ಶನಕ್ಕೆ ಕೂರುವಷ್ಟು ಧೈರ್ಯ ಬಂದ ಮೇಲೂ ಕನ್ನಡಿಗರನ್ನು ಬಿಡದೆ ಕಾಡುವುದು ಈ ಪುಟ್ಟ ಪ್ರಿಪೊಸಿಷನ್‌ಗಳು. ಕಾಲ ಮತ್ತು ಸ್ಥಳ ಹೇಳುವಾಗ ಏಳುವ ಪ್ರಶ್ನೆಗಳನ್ನು ಮಾತ್ರ ಇಲ್ಲಿ ತೆಗೆದುಕೊಂಡಿದ್ದೇನೆ. ಇಂಗ್ಲಿಷ್ ವಾಕ್ಯಗಳು ಕನ್ನಡ ಲಿಪಿಯಲ್ಲೇ ಇವೆ. ಅವನ್ನು ಬಾಯಿಬಿಟ್ಟು ಓದಿಕೊಳ್ಳಿ. ಪ್ರಿಪೊಸಿಷನ್ ಮೊದಲು ಕಿವಿಗೆ ಕೂರಬೇಕು.

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತರುವುದೇ ಎಲ್ಲ ತಪ್ಪಿಗೆ ಮೂಲ ಅನ್ನುತ್ತಾರೆ. ನಿಜವೇ?

ಸ್ಥಳದ ವಿಷಯದಲ್ಲಿ ನಿಜ. ಕಾಲದ ವಿಷಯದಲ್ಲಿ ಅಷ್ಟೇನೂ ನಿಜವಲ್ಲ. ಸ್ಥಳ ಹೇಳುವಾಗ ನಮ್ಮ ‘ಅಲ್ಲಿ’ ಎಲ್ಲ ಕಡೆಗೂ ಒಗ್ಗಿಕೊಳ್ಳುತ್ತದೆ, ಹಾಗಾಗಿ ಇಂಗ್ಲಿಷಿನ ಮೂರರಲ್ಲಿ ಯಾವುದು ಎಂಬ ಸುಳಿವನ್ನು ಅದು ಕೊಡುವುದಿಲ್ಲ. ಕಾಲ ಹೇಳುವಾಗ ಕನ್ನಡವೂ ಬೇರೆ ಬೇರೆ ಪ್ರತ್ಯಯ ಹಾಕುತ್ತದೆ, ಅವು ಇಂಗ್ಲಿಷಿನ ವಿಂಗಡಣೆಗೆ ಆಶ್ಚರ್ಯವಾಗುವಷ್ಟು ಹತ್ತಿರದಲ್ಲಿವೆ. ‘ಕನ್ನಡವನ್ನು ಮರೆತುಬಿಡು’ ಎಂದು ಮಕ್ಕಳಿಗೆ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಕನ್ನಡ ಎಲ್ಲಿ ದಾರಿ ತೋರಿಸುತ್ತದೆ, ಎಲ್ಲಿ ತಪ್ಪಿಸುತ್ತದೆ ಎಂದು ತಿಳಿಸಿಕೊಟ್ಟರೆ ಮಾತೃಭಾಷೆಯೇ ದೊಡ್ಡ ಆಸ್ತಿ.

ಹಾಗಾದರೆ ಸ್ಥಳಕ್ಕೆ ಇನ್, ಆನ್, ಅಟ್ ಆರಿಸುವುದು ಹೇಗೆ?

ನಮ್ಮ ಸಪ್ತಮಿ ವಿಭಕ್ತಿ ‘ಎಲ್ಲಿ’ ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಇಂಗ್ಲಿಷ್ ಇನ್ನೊಂದು ಪ್ರಶ್ನೆ ಕೇಳುತ್ತದೆ: ಆ ಜಾಗವನ್ನು ನೀವು ಏನೆಂದು ನೋಡುತ್ತಿದ್ದೀರಿ? ಸುತ್ತ ಎಲ್ಲೆ ಇರುವ, ಒಳಗೆ ಇರಬಹುದಾದ ಜಾಗ ಎಂದು ನೋಡಿದರೆ ಇನ್. ಮೇಲ್ಮೈ ಅಥವಾ ಗೆರೆ ಎಂದು ನೋಡಿದರೆ ಆನ್. ನಕ್ಷೆಯ ಮೇಲಿನ ಒಂದು ಬಿಂದು, ಹೋಗುವ-ಸೇರುವ-ಕಾಯುವ ತಾಣ ಎಂದು ನೋಡಿದರೆ ಅಟ್.

ಬೆಂಗಳೂರಿನ ಹಲಸೂರು ಕೆರೆಯನ್ನೇ ತೆಗೆದುಕೊಳ್ಳಿ. ಗೆಳೆಯರು ಅಲ್ಲಿ ಸೇರುವುದಾದರೆ ‘ಲೆಟ್ ಅಸ್ ಮೀಟ್ ಅಟ್ ಹಲಸೂರು ಲೇಕ್’. ದೋಣಿ ತೇಲುತ್ತಿದ್ದರೆ ‘ದೇರ್ ಈಸ್ ಎ ಬೋಟ್ ಆನ್ ದ ಲೇಕ್’. ಮೀನಿದ್ದರೆ ‘ದೇರ್ ಆರ್ ಫಿಶ್ ಇನ್ ದ ಲೇಕ್’. ಕೆರೆ ಒಂದೇ, ನೋಟ ಮೂರು. ರೈಲು ನಿಲ್ದಾಣವೂ ಹಾಗೆಯೇ: ಫೋನಿನಲ್ಲಿ ‘ಐ ಆ್ಯಮ್ ಅಟ್ ದ ಸ್ಟೇಷನ್’ ಅನ್ನುತ್ತೀರಿ, ನಿಂತಿರುವುದು ‘ಆನ್ ದ ಪ್ಲಾಟ್‌ಫಾರ್ಮ್’, ಕೂತಿರುವುದು ‘ಇನ್ ದ ವೇಟಿಂಗ್ ರೂಮ್’.

‘ಬಸ್‌ಸ್ಟಾಪಿಗೆ ಯಾವ ಪ್ರಿಪೊಸಿಷನ್’ ಎಂದು ಒಂಟಿ ಪದ ಹಿಡಿದು ಕೇಳಿದರೆ ಉತ್ತರ ಅರ್ಧಕ್ಕೇ ನಿಲ್ಲುವುದು ಇದಕ್ಕೇ. ವಾಕ್ಯದಲ್ಲಿ ಆ ಜಾಗ ಏನು ಕೆಲಸ ಮಾಡುತ್ತಿದೆ ಎಂದು ನೋಡಬೇಕು.

ಊರಿನ ಹೆಸರಿಗೆ ಇನ್ ಹಾಕಬೇಕೋ ಅಟ್ ಹಾಕಬೇಕೋ? ಪತ್ರಿಕೆಗಳಲ್ಲಿ ಎರಡೂ ಕಾಣುತ್ತದೆ.

ವಾಸಕ್ಕೆ, ಕೆಲಸಕ್ಕೆ, ಹುಟ್ಟಿದ್ದಕ್ಕೆ ಇನ್. ‘ಐ ವಾಸ್ ಬಾರ್ನ್ ಇನ್ ಅರಸೀಕೆರೆ’, ‘ಶಿ ವರ್ಕ್ಸ್ ಇನ್ ಹುಬ್ಬಳ್ಳಿ’. ಪ್ರಯಾಣದ ದಾರಿಯಲ್ಲಿ ಒಂದು ನಿಲುಗಡೆ ಎಂದು ಹೇಳುವಾಗ ಅದೇ ಊರು ಬಿಂದುವಾಗುತ್ತದೆ: ‘ದ ಟ್ರೇನ್ ಸ್ಟಾಪ್ಸ್ ಅಟ್ ಅರಸೀಕೆರೆ’. ದೊಡ್ಡ ಊರಿಗೆ ಇನ್, ಸಣ್ಣ ಊರಿಗೆ ಅಟ್ ಎಂದು ಹಳೆಯ ವ್ಯಾಕರಣ ಪುಸ್ತಕಗಳು ಕಲಿಸುತ್ತಿದ್ದವು. ನಮ್ಮ ಕಚೇರಿ ಪತ್ರಗಳಲ್ಲಿ, ಆಮಂತ್ರಣಗಳಲ್ಲಿ ಆ ರೂಢಿ ಇನ್ನೂ ಉಳಿದಿದೆ. ಇವತ್ತಿನ ಬರವಣಿಗೆಯಲ್ಲಿ ಊರು ಸಣ್ಣದಾದರೂ ಇನ್ ಹಾಕಿದರೆ ಸರಿ.

ವಿಳಾಸ ಹೇಳುವಾಗ?

ಮನೆ ನಂಬರು ಇದ್ದರೆ ಅಟ್, ರಸ್ತೆ ಮಾತ್ರ ಇದ್ದರೆ ಆನ್, ಬಡಾವಣೆ ಅಥವಾ ಊರು ಇದ್ದರೆ ಇನ್. ‘ಐ ಲಿವ್ ಅಟ್ 24, ಥರ್ಡ್ ಕ್ರಾಸ್’. ‘ದ ಶಾಪ್ ಈಸ್ ಆನ್ ಎಂ.ಜಿ. ರೋಡ್’. ‘ವಿ ಲಿವ್ ಇನ್ ಜಯನಗರ’. ಬ್ರಿಟಿಷರು ಬೀದಿಗೆ ‘ಇನ್ ದ ಸ್ಟ್ರೀಟ್’ ಎನ್ನುವುದೂ ಉಂಟು. ಮಹಡಿಗೆ ಯಾವಾಗಲೂ ಆನ್: ‘ಆನ್ ದ ಥರ್ಡ್ ಫ್ಲೋರ್’. ಮೂಲೆ ಮಾತ್ರ ಎರಡು ಥರ: ರಸ್ತೆಯ ತಿರುವಾದರೆ ‘ಅಟ್ ದ ಕಾರ್ನರ್’ ಅಥವಾ ‘ಆನ್ ದ ಕಾರ್ನರ್’, ಕೋಣೆಯ ಮೂಲೆಯಾದರೆ ‘ಇನ್ ದ ಕಾರ್ನರ್’. ಹೊರಗಿನಿಂದ ನೋಡಿದರೆ ಮೂಲೆ ಒಂದು ತುದಿ, ಒಳಗೆ ನಿಂತರೆ ಅದು ಸುತ್ತುವರಿಯುವ ಜಾಗ.

‘ಇನ್ ದ ಬಸ್’ ಅಂದರೆ ತಪ್ಪಾ?

ಪೂರ್ತಿ ತಪ್ಪಲ್ಲ. ಬಸ್ಸನ್ನು ಬರೀ ಒಂದು ಡಬ್ಬಿಯಾಗಿ ನೋಡಿ, ‘ಒಳಗೆ ಸೆಕೆ’ ಎಂದು ಹೇಳುವಾಗ ಇನ್ ಬರಬಹುದು. ಆದರೆ ಪ್ರಯಾಣಿಕರಾಗಿ ಹೋಗುವ ಅರ್ಥದಲ್ಲಿ ರೂಢಿ ‘ಆನ್ ದ ಬಸ್’. ಎದ್ದು ನಿಂತು ಓಡಾಡಬಹುದಾದ ವಾಹನಗಳಿಗೆ ಆನ್: ಬಸ್ಸು, ರೈಲು, ವಿಮಾನ, ಹಡಗು. ಬಗ್ಗಿ ಒಳಗೆ ಸೇರಿ ಕೂರುವವಕ್ಕೆ ಇನ್: ಕಾರು, ಟ್ಯಾಕ್ಸಿ, ಆಟೋ. ಕಾಲು ಹಾಕಿ ಏರುವವಕ್ಕೆ ಮತ್ತೆ ಆನ್: ಸೈಕಲ್ಲು, ಬೈಕು, ಕುದುರೆ, ಆನೆ.

ಇಳಿಯುವಾಗಲೂ ಇದೇ ಜೋಡಿ. ಬಸ್ಸಿನಿಂದ ‘ಗೆಟ್ ಆಫ್’, ಕಾರಿನಿಂದ ‘ಗೆಟ್ ಔಟ್ ಆಫ್’. ನಾವೆಲ್ಲ ಹೇಳುವ ‘ಗೆಟ್ ಡೌನ್’ ಭಾರತದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಹೊರದೇಶದ ಚಾಲಕನಿಗೆ ಹೇಳಿದರೆ ಅವನು ಒಂದು ಕ್ಷಣ ತಡವರಿಸಬಹುದು.

ನಮ್ಮ ರಾಜ್ಯದಲ್ಲಿ ಶಾಲೆಯ ಮಗುವಿನಿಂದ ಹಿಡಿದು ಅಧಿಕಾರಿಯವರೆಗೆ ಎಲ್ಲರೂ ಹೇಳುವ ಇನ್ನೊಂದು ಮಾತು ‘ಬೈ ವಾಕ್’. ನಡೆದುಕೊಂಡು ಹೋಗುವುದಕ್ಕೆ ಇಂಗ್ಲಿಷಿನಲ್ಲಿ ‘ಆನ್ ಫುಟ್’. ಸುಮ್ಮನೆ ‘ಐ ವಾಕ್ ಟು ಸ್ಕೂಲ್’ ಅಂದರೆ ಇನ್ನೂ ಚೆಂದ. ‘ಬೈ ಬಸ್’, ‘ಬೈ ಟ್ರೇನ್’ ಸರಿ, ಆದರೆ ‘ಬೈ ಮೈ ಬೈಕ್’ ಆಗುವುದಿಲ್ಲ. ‘ಮೈ’ ಬಂದ ಕೂಡಲೇ ಅದು ನಿರ್ದಿಷ್ಟ ವಾಹನವಾಯಿತು, ‘ಆನ್ ಮೈ ಬೈಕ್’ ಅನ್ನಬೇಕು.

ಮರದ ಮೇಲೆ ಕೋತಿ ಇದ್ದರೆ ‘ಆನ್ ದ ಟ್ರೀ’ ತಾನೆ?

ಕನ್ನಡವೂ ಇಂಗ್ಲಿಷೂ ಸರಿಯಾಗಿ ಅದಲುಬದಲಾಗುವ ಜಾಗ ಇದು, ನನಗೆ ತುಂಬ ಇಷ್ಟವಾದದ್ದು. ನಾವು ‘ಮರದಲ್ಲಿ ಹಣ್ಣಿದೆ’, ‘ಮರದ ಮೇಲೆ ಕೋತಿ ಕೂತಿದೆ’ ಅನ್ನುತ್ತೇವೆ. ಇಂಗ್ಲಿಷಿನವರು ಹಣ್ಣಿಗೆ ‘ಆನ್ ದ ಟ್ರೀ’, ಕೋತಿಗೆ ‘ಇನ್ ದ ಟ್ರೀ’ ಅನ್ನುತ್ತಾರೆ. ಹಣ್ಣು ಕೊಂಬೆಗೆ ಅಂಟಿಕೊಂಡೇ ಬೆಳೆದದ್ದು, ಹಾಗಾಗಿ ಆನ್. ಕೋತಿ ಹೊರಗಿನಿಂದ ಬಂದು ಎಲೆ-ಕೊಂಬೆಗಳ ಒಳಗೆ ಸೇರಿಕೊಂಡದ್ದು, ಹಾಗಾಗಿ ಇನ್. ಹಕ್ಕಿಗೂ ಇದೇ.

‘ಮೇಲೆ’ ಎಂಬ ನಮ್ಮ ಪದ ಇನ್ನೊಂದು ಕಡೆಯೂ ಎಡವಿಸುತ್ತದೆ. ಇಂಗ್ಲಿಷಿನ ಆನ್‌ಗೆ ತಾಗಿರುವುದು ಮುಖ್ಯ, ಎತ್ತರ ಮುಖ್ಯವಲ್ಲ. ಗೋಡೆಯ ಮೇಲಿನ ಹಲ್ಲಿ ‘ಆನ್ ದ ವಾಲ್’. ಸೂರಿಗೆ ತಲೆಕೆಳಗಾಗಿ ಅಂಟಿಕೊಂಡ ಹಲ್ಲಿಯೂ ‘ಆನ್ ದ ಸೀಲಿಂಗ್’. ತಲೆಯ ಮೇಲೆ ತಿರುಗುವ ಫ್ಯಾನು ತಲೆಗೆ ತಾಗುವುದಿಲ್ಲವಲ್ಲ, ಅದು ‘ಅಬವ್ ಮೈ ಹೆಡ್’. ದಾಟಿ ಹೋಗುವ ಚಲನೆ ಇದ್ದರೆ ‘ಓವರ್’: ‘ದ ಪ್ಲೇನ್ ಫ್ಲೂ ಓವರ್ ದ ಸಿಟಿ’.

ಟಿವಿಯಲ್ಲಿ, ಪೇಪರಿನಲ್ಲಿ, ಫೋನಿನಲ್ಲಿ, ವಾಟ್ಸಾಪಿನಲ್ಲಿ?

ಟಿವಿ, ರೇಡಿಯೊ, ಫೋನು, ಇಂಟರ್ನೆಟ್ಟು, ವಾಟ್ಸಾಪ್, ಯೂಟ್ಯೂಬ್ ಎಲ್ಲಕ್ಕೂ ಆನ್. ಪೇಪರು, ಪುಸ್ತಕ, ಪತ್ರ, ಫೋಟೋ ಇವಕ್ಕೆ ಇನ್. ಆದರೆ ಪುಟಕ್ಕೆ ಆನ್: ‘ಇಟ್ ಈಸ್ ಇನ್ ದ ಬುಕ್, ಆನ್ ಪೇಜ್ 12’. ಪಟ್ಟಿಗೆ ‘ಆನ್ ದ ಲಿಸ್ಟ್’, ಸರದಿ ಸಾಲಿಗೆ ‘ಇನ್ ದ ಕ್ಯೂ’. ರಜೆ ಹಾಕಿದ್ದರೆ ‘ಆನ್ ಲೀವ್’, ಡ್ಯೂಟಿಯಲ್ಲಿದ್ದರೆ ‘ಆನ್ ಡ್ಯೂಟಿ’. ಇವಕ್ಕೆಲ್ಲ ಕಾರಣ ಹುಡುಕುತ್ತಾ ಕೂರಬೇಡಿ, ಜೋಡಿಯಾಗಿಯೇ ಬಾಯಿಪಾಠ ಮಾಡಿಕೊಳ್ಳಿ.

‘ಐ ವೆಂಟ್ ಟು ಹೋಮ್’ ಯಾಕೆ ತಪ್ಪು? ‘ಮನೆಗೆ’ ಎಂಬುದರಲ್ಲಿ ‘ಗೆ’ ಇದೆಯಲ್ಲ.

ಇದೆ, ಅದೇ ಎಳೆದುಕೊಂಡು ಹೋಗುತ್ತದೆ. ಹೋಮ್, ಹಿಯರ್, ದೇರ್, ಅಬ್ರಾಡ್ ಈ ಪದಗಳ ಒಳಗೇ ‘ಕಡೆಗೆ’ ಎಂಬ ಅರ್ಥ ಅಡಗಿದೆ, ಅವಕ್ಕೆ ಟು ಬೇಡ. ‘ಗೋ ಹೋಮ್’, ‘ಕಮ್ ಹಿಯರ್’, ‘ಶಿ ವೆಂಟ್ ಅಬ್ರಾಡ್’. ‘ಹೌಸ್’ ಬಂದರೆ ಮಾತ್ರ ಟು ವಾಪಸ್ಸು ಬರುತ್ತದೆ: ‘ಐ ವೆಂಟ್ ಟು ಹಿಸ್ ಹೌಸ್’. ಮನೆಯಲ್ಲಿದ್ದೇನೆ ಅನ್ನುವಾಗ ‘ಇನ್ ಹೋಮ್’ ಅಲ್ಲ, ‘ಅಟ್ ಹೋಮ್’.

ಕ್ರಿಯಾಪದದ ಹೊಟ್ಟೆಯಲ್ಲೇ ದಿಕ್ಕು ಇರುವ ಇನ್ನೊಂದು ಗುಂಪಿದೆ. ನಾವು ‘ಬೆಂಗಳೂರಿಗೆ ತಲುಪಿದೆ’ ಎಂದು ಗೆ ಹಾಕುತ್ತೇವೆ, ಇಂಗ್ಲಿಷಿನ ‘ರೀಚ್’ ಏನನ್ನೂ ಕೇಳುವುದಿಲ್ಲ: ‘ಐ ರೀಚ್ಡ್ ಬೆಂಗಳೂರು’. ಅದೇ ಅರ್ಥದ ‘ಅರೈವ್’ ಕೇಳುತ್ತದೆ, ಆದರೆ ಟು ಅಲ್ಲ: ಊರಿಗೆ ‘ಅರೈವ್ ಇನ್’, ನಿಲ್ದಾಣಕ್ಕೆ ‘ಅರೈವ್ ಅಟ್’. ಕೋಣೆಗೆ ಹೋಗುವಾಗ ‘ಎಂಟರ್ ದ ರೂಮ್’ ಸಾಕು, ‘ಇನ್‌ಟು’ ಬೇಡ. ಸ್ಥಳಕ್ಕೆ ಸಂಬಂಧವಿಲ್ಲದಿದ್ದರೂ ಇದೇ ಜಾತಿಯ ಒಂದನ್ನು ಹೇಳಿಬಿಡುತ್ತೇನೆ: ‘ಡಿಸ್ಕಸ್ ಅಬೌಟ್’ ಬೇಡ, ‘ಡಿಸ್ಕಸ್ ದ ಪ್ರಾಬ್ಲಮ್’ ಅಷ್ಟೇ.

ಕಾಲಕ್ಕೆ ಬರೋಣ. ಅಟ್, ಆನ್, ಇನ್ ನೆನಪಿಡಲು ಏನಾದರೂ ಉಪಾಯ ಇದೆಯೇ?

ಇದೆ, ಮತ್ತು ಅದು ಕನ್ನಡದಲ್ಲೇ ಇದೆ. ನೀವು ಹೇಳಬೇಕಾದ್ದನ್ನು ಕನ್ನಡದಲ್ಲಿ ಹೇಳಿ ನೋಡಿ. ‘ಗೆ’ ಬಂದರೆ ಅಟ್: ಐದು ಗಂಟೆಗೆ, ‘ಅಟ್ ಫೈವ್ ಓ’ಕ್ಲಾಕ್’. ‘ಅಂದು’ ಸೇರಿಸಲು ಬಂದರೆ ಆನ್: ಸೋಮವಾರದಂದು, ‘ಆನ್ ಮಂಡೇ’. ‘ಅಲ್ಲಿ’ ಬಂದರೆ ಇನ್: ಜೂನ್‌ನಲ್ಲಿ, ‘ಇನ್ ಜೂನ್’.

ಮಾತಿನಲ್ಲಿ ನಾವು ‘ಸೋಮವಾರ ಬರ್ತೀನಿ’ ಎಂದು ಪ್ರತ್ಯಯವಿಲ್ಲದೆ ಹೇಳುತ್ತೇವೆ ನಿಜ. ಆದರೆ ‘ಅಂದು’ ಹಾಕಿ ನೋಡಿದರೆ ಒಪ್ಪುತ್ತದೆ, ಅಷ್ಟು ಸಾಕು. ಯುಗಾದಿಯಂದು ‘ಆನ್ ಯುಗಾದಿ’, ಹುಟ್ಟುಹಬ್ಬದಂದು ‘ಆನ್ ಮೈ ಬರ್ತ್‌ಡೇ’, ಜನವರಿ 26ರಂದು ‘ಆನ್ 26 ಜನವರಿ’. ರಾಜ್ಯದ ಇತಿಹಾಸವನ್ನೇ ವಾಕ್ಯವಾಗಿ ಕಟ್ಟಿ ನೋಡಿ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು, ದಿನ ಹೇಳಿದ್ದರಿಂದ ‘ಆನ್ 1 ನವೆಂಬರ್ 1956’. ಹೆಸರು ಬದಲಾದದ್ದು 1973ರಲ್ಲಿ, ಬರೀ ವರ್ಷ, ಹಾಗಾಗಿ ‘ಇನ್ 1973’. ರಾಜ್ಯೋತ್ಸವ ಬರುವುದು ನವೆಂಬರ್‌ನಲ್ಲಿ, ‘ಇನ್ ನವೆಂಬರ್’. ತಿಂಗಳ ಜೊತೆಗೆ ತಾರೀಕು ಸೇರಿದ ಕೂಡಲೇ ಇನ್ ಹೋಗಿ ಆನ್ ಬರುತ್ತದೆ. ಬೇಸಿಗೆಯಲ್ಲಿ, ಮಳೆಗಾಲದಲ್ಲಿ, ಹನ್ನೆರಡನೇ ಶತಮಾನದಲ್ಲಿ, ಎಲ್ಲವೂ ಇನ್.

ಹಬ್ಬಕ್ಕೂ ಈ ಉಪಾಯ ದುಡಿಯುತ್ತದೆ. ‘ದೀಪಾವಳಿಗೆ ಊರಲ್ಲಿರ್ತೀವಿ’ ಅಂದರೆ ಹಬ್ಬದ ಆಸುಪಾಸಿನ ದಿನಗಳೆಲ್ಲ ಸೇರಿದವು: ‘ಅಟ್ ದೀಪಾವಳಿ’. ‘ಬಲಿಪಾಡ್ಯಮಿಯಂದು’ ಅಂದರೆ ಒಂದೇ ದಿನ, ‘ಆನ್ ಬಲಿಪಾಡ್ಯಮಿ’.

ಈ ಉಪಾಯ ಎಲ್ಲಿ ಕೈಕೊಡುತ್ತದೆ?

ದಿನದ ಭಾಗಗಳಲ್ಲಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂಬ ನಮ್ಮ ಪದಗಳು ಪ್ರತ್ಯಯವಿಲ್ಲದೆಯೇ ನಡೆಯುತ್ತವೆ. ಇಂಗ್ಲಿಷಿನಲ್ಲಿ ‘ಇನ್ ದ ಮಾರ್ನಿಂಗ್’, ‘ಇನ್ ದ ಆಫ್ಟರ್‌ನೂನ್’, ‘ಇನ್ ದ ಈವನಿಂಗ್’, ಆದರೆ ‘ಅಟ್ ನೈಟ್’. ರಾತ್ರಿಗೆ ಮಾತ್ರ ‘ದ’ ಕೂಡ ಇಲ್ಲ. ‘ಇನ್ ದ ನೈಟ್’ ಎಂದರೆ ರಾತ್ರಿಯ ನಡುವೆ ಯಾವಾಗಲೋ ಏನೋ ಆಯಿತು ಎಂಬ ಛಾಯೆ: ಮಗು ಎದ್ದು ಅತ್ತಿತು, ಮಳೆ ಬಂತು. ನಮ್ಮ ‘ಮಧ್ಯಾಹ್ನ’ ಹನ್ನೆರಡು ಗಂಟೆಗೂ ಸಲ್ಲುತ್ತದೆ, ಮೂರು ಗಂಟೆಗೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಸರಿಯಾಗಿ ಹನ್ನೆರಡಕ್ಕೆ ‘ಅಟ್ ನೂನ್’, ಆಮೇಲಿನದೆಲ್ಲ ‘ಇನ್ ದ ಆಫ್ಟರ್‌ನೂನ್’. ಮಧ್ಯರಾತ್ರಿಗೆ ‘ಅಟ್ ಮಿಡ್‌ನೈಟ್’.

ದಿನ ಮತ್ತು ಹೊತ್ತು ಒಟ್ಟಿಗೆ ಬಂದರೆ ದಿನವೇ ಗೆಲ್ಲುತ್ತದೆ: ‘ಆನ್ ಸಂಡೇ ಮಾರ್ನಿಂಗ್’.

ವಾರಾಂತ್ಯವೂ ಉಪಾಯಕ್ಕೆ ಸಿಗುವುದಿಲ್ಲ. ಬ್ರಿಟಿಷರು ‘ಅಟ್ ದ ವೀಕೆಂಡ್’, ಅಮೆರಿಕನ್ನರು ‘ಆನ್ ದ ವೀಕೆಂಡ್’.

‘ಆನ್ ಲಾಸ್ಟ್ ಸಂಡೇ’ ಅನ್ನಬಹುದೇ?

ಬೇಡ. ಲಾಸ್ಟ್, ನೆಕ್ಸ್ಟ್, ದಿಸ್, ಎವ್ರಿ ಬಂದರೆ ಪ್ರಿಪೊಸಿಷನ್ ಜಾಗ ಖಾಲಿ ಬಿಡಿ. ಟುಡೇ, ಟುಮಾರೋ, ಯೆಸ್ಟರ್‌ಡೇಗೂ ಅಷ್ಟೇ.

‘ಸಿನ್ಸ್’ ಮತ್ತು ‘ಫಾರ್’ ಯಾವತ್ತೂ ಗೊಂದಲ. ದಾರಿ ಹೇಳಿ.

ಈ ಒಂದು ತಪ್ಪನ್ನು ತಿದ್ದಿಕೊಂಡರೆ ನಿಮ್ಮ ಇಂಗ್ಲಿಷ್ ಕೇಳುವವರಿಗೆ ಒಮ್ಮೆಲೇ ಬೇರೆಯಾಗಿ ಕಾಣುತ್ತದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕನ್ನಡದಲ್ಲಿ ‘2019ರಿಂದ ಇಲ್ಲಿದ್ದೇನೆ’ ಅನ್ನುತ್ತೇವೆ, ‘ಐದು ವರ್ಷದಿಂದ ಇಲ್ಲಿದ್ದೇನೆ’ ಎಂದೂ ಅನ್ನುತ್ತೇವೆ. ಎರಡಕ್ಕೂ ಒಂದೇ ‘ಇಂದ’. ಆದರೆ ಮೊದಲನೆಯದು ಶುರುವಾದ ಹೊತ್ತು, ಎರಡನೆಯದು ಕಳೆದ ಅವಧಿ. ಇಂಗ್ಲಿಷ್ ಇವೆರಡನ್ನು ಬೆರೆಸುವುದೇ ಇಲ್ಲ. ಶುರುವಾದ ಹೊತ್ತಿಗೆ ಸಿನ್ಸ್, ಅವಧಿಗೆ ಫಾರ್. ‘ಸಿನ್ಸ್ ಫೈವ್ ಇಯರ್ಸ್’ ಎಂಬುದು ನಮ್ಮ ‘ಇಂದ’ದ ನೇರ ಮಗು.

ಪ್ರತ್ಯಯ ಇಲ್ಲಿ ಸುಳಿವು ಕೊಡದಿದ್ದರೂ ಕನ್ನಡದ ಪ್ರಶ್ನೆಪದ ಕೊಡುತ್ತದೆ. ನಿಮ್ಮ ಉತ್ತರ ‘ಯಾವಾಗಿನಿಂದ?’ ಎಂಬುದಕ್ಕೋ, ‘ಎಷ್ಟು ದಿನದಿಂದ?’ ಎಂಬುದಕ್ಕೋ ಎಂದು ಕೇಳಿಕೊಳ್ಳಿ. ‘ಯಾವಾಗ’ ಬಂದರೆ ಸಿನ್ಸ್, ‘ಎಷ್ಟು’ ಬಂದರೆ ಫಾರ್. ಯಾವಾಗಿನಿಂದ ಜ್ವರ? ಸೋಮವಾರದಿಂದ: ‘ಸಿನ್ಸ್ ಮಂಡೇ’. ಎಷ್ಟು ದಿನದಿಂದ ಜ್ವರ? ಮೂರು ದಿನದಿಂದ: ‘ಫಾರ್ ತ್ರೀ ಡೇಸ್’. ‘ತುಂಬ ದಿನದಿಂದ’ ಎಂಬುದೂ ‘ಎಷ್ಟು’ ಜಾತಿಯದೇ, ಹಾಗಾಗಿ ‘ಸಿನ್ಸ್ ಲಾಂಗ್ ಟೈಮ್’ ಅಲ್ಲ, ‘ಫಾರ್ ಎ ಲಾಂಗ್ ಟೈಮ್’. ‘ಬೆಳಿಗ್ಗೆಯಿಂದ’ ಎಂಬುದು ‘ಯಾವಾಗ’ ಜಾತಿಯದು: ‘ಸಿನ್ಸ್ ದಿಸ್ ಮಾರ್ನಿಂಗ್’.

ಪ್ರಿಪೊಸಿಷನ್ ಸರಿಮಾಡಿದರೆ ಕೆಲಸ ಅರ್ಧ ಮುಗಿಯಿತು, ಕ್ರಿಯಾಪದವೂ ಬದಲಾಗಬೇಕು. ‘ಇದ್ದೇನೆ’, ‘ಮಾಡುತ್ತಿದ್ದೇನೆ’ ಎಂದು ಕನ್ನಡ ವರ್ತಮಾನದಲ್ಲೇ ಹೇಳುತ್ತದೆ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿದೆ ಎಂದು ತೋರಿಸಲು ಇಂಗ್ಲಿಷಿಗೆ ‘ಹ್ಯಾವ್ ಬೀನ್’ ಬೇಕು. ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂಬ ವಾಕ್ಯದಲ್ಲಿ ಎರಡು ತಪ್ಪಿವೆ. ಸರಿಯಾದದ್ದು ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’. ಕೆಲಸ ಬಿಟ್ಟಾಗಿದ್ದರೆ ‘ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್’. ಫಾರ್ ಉಳಿಯಿತು, ‘ಹ್ಯಾವ್ ಬೀನ್’ ಹೋಯಿತು. ಸಂದರ್ಶನದಲ್ಲಿ ಈ ವ್ಯತ್ಯಾಸದಿಂದಲೇ ನೀವು ಆ ಕೆಲಸದಲ್ಲಿ ಇನ್ನೂ ಇದ್ದೀರೋ ಬಿಟ್ಟಿದ್ದೀರೋ ಎಂದು ಎದುರಿನವರು ತಿಳಿಯುತ್ತಾರೆ.

ಮುಂದೆ ಶುರುವಾಗುವುದಕ್ಕೆ ಸಿನ್ಸ್ ಬರುವುದೇ ಇಲ್ಲ. ನಾಳೆಯಿಂದ ಬರುತ್ತೇನೆ: ‘ಫ್ರಮ್ ಟುಮಾರೋ’.

‘ಬಿಫೋರ್ ಟೂ ಡೇಸ್’ ಸರಿಯೇ?

‘ಎರಡು ದಿನದ ಹಿಂದೆ’ ಎಂಬ ಅರ್ಥದಲ್ಲಿ ಸರಿಯಲ್ಲ. ‘ಟೂ ಡೇಸ್ ಅಗೋ’ ಅನ್ನಬೇಕು. ಕನ್ನಡಿಗರಿಗೆ ಇದು ಸುಲಭವಾಗಬೇಕು: ನಮ್ಮ ‘ಹಿಂದೆ’ ದಿನದ ಲೆಕ್ಕದ ಬೆನ್ನ ಹಿಂದೆ ನಿಲ್ಲುವಂತೆಯೇ ‘ಅಗೋ’ ಕೂಡ ನಿಲ್ಲುತ್ತದೆ. ‘ಬಿಫೋರ್’ ಮುಂದೆ ಒಂದು ಘಟನೆ ಅಥವಾ ತಾರೀಕು ಬರಲಿ: ‘ಬಿಫೋರ್ ದ ಎಗ್ಸಾಮ್’, ‘ಬಿಫೋರ್ ಮಂಡೇ’.

‘ಬೈ ಮಂಡೇ’, ‘ಅಂಟಿಲ್ ಮಂಡೇ’, ‘ವಿದಿನ್ ಮಂಡೇ’. ಕಚೇರಿ ಮೇಲ್‌ಗಳಲ್ಲಿ ಮೂರೂ ನೋಡಿದ್ದೇನೆ.

‘ವಿದಿನ್ ಮಂಡೇ’ ಬಿಟ್ಟುಬಿಡಿ. ಉಳಿದೆರಡರ ವ್ಯತ್ಯಾಸ ಕನ್ನಡ ಬಲ್ಲವರಿಗೆ ತಾನಾಗಿಯೇ ಸಿಗುತ್ತದೆ. ಸೋಮವಾರದೊಳಗೆ ಅಂದರೆ ಬೈ, ಸೋಮವಾರದವರೆಗೆ ಅಂದರೆ ಅಂಟಿಲ್ ಅಥವಾ ಟಿಲ್. ವರದಿಯನ್ನು ಸೋಮವಾರದೊಳಗೆ ಕಳಿಸಬೇಕು: ‘ಸೆಂಡ್ ಇಟ್ ಬೈ ಮಂಡೇ’. ಸೋಮವಾರದವರೆಗೆ ಕಾಯುತ್ತೇನೆ: ‘ಐ ವಿಲ್ ವೇಟ್ ಅಂಟಿಲ್ ಮಂಡೇ’. ಒಮ್ಮೆ ಆಗಿ ಮುಗಿಯುವ ಕೆಲಸಕ್ಕೆ ಬೈ, ಆವರೆಗೂ ಎಳೆದುಕೊಂಡು ಹೋಗುವುದಕ್ಕೆ ಅಂಟಿಲ್.

‘ವಿದಿನ್’ ಎಲ್ಲಿಂದ ಬಂತು ಅಂದರೆ, ನಮ್ಮ ‘ಒಳಗೆ’ ಎರಡು ಕಡೆ ಕೆಲಸ ಮಾಡುತ್ತದೆ: ಸೋಮವಾರದೊಳಗೆ, ಹತ್ತು ದಿನದೊಳಗೆ. ಮತ್ತೆ ಅದೇ ‘ಯಾವಾಗ’ ಮತ್ತು ‘ಎಷ್ಟು’. ಸೋಮವಾರ ‘ಯಾವಾಗ’ಕ್ಕೆ ಉತ್ತರ, ಹಾಗಾಗಿ ಬೈ. ಹತ್ತು ದಿನ ‘ಎಷ್ಟು’ ಎಂಬುದಕ್ಕೆ ಉತ್ತರ, ಹಾಗಾಗಿ ‘ವಿದಿನ್ ಟೆನ್ ಡೇಸ್’. ಸಿನ್ಸ್-ಫಾರ್ ಬಿಡಿಸಿದ ಪ್ರಶ್ನೆಯೇ ಇದನ್ನೂ ಬಿಡಿಸುತ್ತದೆ.

ರಜೆ ಅರ್ಜಿಯಲ್ಲಿ ಒಂದು ಎಚ್ಚರ. ‘ಆನ್ ಲೀವ್ ಅಂಟಿಲ್ ಫ್ರೈಡೇ’ ಎಂದರೆ ಶುಕ್ರವಾರ ಬರುತ್ತೀರೋ ಇಲ್ಲವೋ ಸ್ಪಷ್ಟವಾಗುವುದಿಲ್ಲ. ಅಮೆರಿಕನ್ನರು ‘ಥ್ರೂ ಫ್ರೈಡೇ’ ಎಂದು ಬರೆದು ಶುಕ್ರವಾರವನ್ನೂ ಸೇರಿಸುತ್ತಾರೆ. ಉಳಿದವರು ‘ಐ ವಿಲ್ ಬಿ ಬ್ಯಾಕ್ ಆನ್ ಮಂಡೇ’ ಎಂದು ವಾಪಸಾಗುವ ದಿನವನ್ನೇ ಬರೆಯುವುದು ಕ್ಷೇಮ.

ಹತ್ತು ನಿಮಿಷ ಬಿಟ್ಟು ಬರುತ್ತೇನೆ ಅನ್ನಲು ‘ಆಫ್ಟರ್ ಟೆನ್ ಮಿನಿಟ್ಸ್’ ಸಾಕೇ?

ಈಗಿನಿಂದ ಎಣಿಸುವುದಾದರೆ ‘ಇನ್ ಟೆನ್ ಮಿನಿಟ್ಸ್’. ‘ಬಿಟ್ಟು’ ಎಂಬುದನ್ನು ಕೈಬಿಟ್ಟು ‘ಹತ್ತು ನಿಮಿಷದಲ್ಲಿ ಬರ್ತೀನಿ’ ಎಂದು ಯೋಚಿಸಿ, ಇನ್ ತಾನಾಗಿ ಬರುತ್ತದೆ. ಕಳೆದುಹೋದ ಘಟನೆ ಹೇಳುವಾಗ ಆಫ್ಟರ್ ಸರಿ: ‘ಆಫ್ಟರ್ ಟೆನ್ ಮಿನಿಟ್ಸ್ ಹಿ ಗಾಟ್ ಅಪ್ ಆ್ಯಂಡ್ ಲೆಫ್ಟ್’.

‘ಆನ್ ಟೈಮ್’ ಮತ್ತು ‘ಇನ್ ಟೈಮ್’ ಒಂದೇ ಅಲ್ಲವೇ?

ಅಲ್ಲ. ನಿಗದಿಯಾದ ಹೊತ್ತಿಗೆ ಸರಿಯಾಗಿ ಬಂದರೆ ‘ಆನ್ ಟೈಮ್’. ರೈಲು, ಸಂಬಳ, ಸಭೆ. ತಡವಾಗಿ ಕೆಲಸ ಕೆಡುವ ಮುಂಚೆ ಬಂದರೆ ‘ಇನ್ ಟೈಮ್’: ಆಂಬುಲೆನ್ಸ್ ‘ಇನ್ ಟೈಮ್’ ಬಂತು ಅಂದರೆ ಜೀವ ಉಳಿಯಿತು. ‘ಅಟ್ ದಿ ಎಂಡ್’ ಮತ್ತು ‘ಇನ್ ದಿ ಎಂಡ್’ ಕೂಡ ಬೇರೆ. ಮೊದಲನೆಯದು ಒಂದು ವಸ್ತುವಿನ ಅಥವಾ ಅವಧಿಯ ತುದಿ, ‘ಅಟ್ ದಿ ಎಂಡ್ ಆಫ್ ದ ರೋಡ್’. ಎರಡನೆಯದು ‘ಕಡೆಗೂ’ ಎಂಬ ಅರ್ಥ.

ಭೂಪಟ ವಿವರಿಸುವಾಗ ‘ಇನ್ ದ ನಾರ್ತ್’, ‘ಟು ದ ನಾರ್ತ್’ ಎರಡೂ ಬರುತ್ತದೆ. ಯಾವುದು ಯಾವಾಗ?

ಬೀದರ್ ಕರ್ನಾಟಕದ ಒಳಗೇ ಇದೆ: ‘ಬೀದರ್ ಈಸ್ ಇನ್ ದ ನಾರ್ತ್ ಆಫ್ ಕರ್ನಾಟಕ’. ಮಹಾರಾಷ್ಟ್ರ ಹೊರಗಿದೆ: ‘ಮಹಾರಾಷ್ಟ್ರ ಈಸ್ ಟು ದ ನಾರ್ತ್ ಆಫ್ ಕರ್ನಾಟಕ’. ನದಿಯ ದಡ, ಕರಾವಳಿ ಇವು ಗೆರೆಗಳು, ಹಾಗಾಗಿ ಆನ್: ಹಂಪಿ ತುಂಗಭದ್ರೆಯ ದಡದಲ್ಲಿ, ‘ಆನ್ ದ ಬ್ಯಾಂಕ್ ಆಫ್ ದ ತುಂಗಭದ್ರಾ’, ಮಂಗಳೂರು ‘ಆನ್ ದ ಕೋಸ್ಟ್’. ದ್ವೀಪದ ಮೇಲೂ ಆನ್. ಶ್ರೀರಂಗಪಟ್ಟಣ ‘ಆನ್ ಆ್ಯನ್ ಐಲ್ಯಾಂಡ್’, ಆ ದ್ವೀಪ ಇರುವುದು ‘ಇನ್ ದ ಕಾವೇರಿ’.

ಬ್ರಿಟಿಷ್ ಇಂಗ್ಲಿಷ್ ಕಲಿಯಬೇಕೋ, ಅಮೆರಿಕನ್ನೋ?

ನಮ್ಮ ಶಾಲೆಯ ಪುಸ್ತಕಗಳು ಬ್ರಿಟಿಷ್ ರೂಢಿಯವು, ಸಿನಿಮಾ ಮತ್ತು ಸಾಫ್ಟ್‌ವೇರ್ ಕಂಪನಿಗಳ ಇಂಗ್ಲಿಷ್ ಬಹುಪಾಲು ಅಮೆರಿಕನ್. ‘ಇನ್ ಹಾಸ್ಪಿಟಲ್’ ಬ್ರಿಟಿಷ್, ‘ಇನ್ ದ ಹಾಸ್ಪಿಟಲ್’ ಅಮೆರಿಕನ್. ‘ಇನ್ ದ ಟೀಮ್’ ಬ್ರಿಟಿಷ್, ‘ಆನ್ ದ ಟೀಮ್’ ಅಮೆರಿಕನ್. ಎರಡೂ ಸರಿ, ಒಂದೇ ಬರಹದಲ್ಲಿ ಬೆರೆಸಬೇಡಿ.

ಪ್ರಿಪೊಸಿಷನ್ ತಪ್ಪಿದರೆ ನಗುತ್ತಾರೆ. ಮಾತಾಡುವುದಕ್ಕೇ ಹಿಂಜರಿಕೆ.

ನಗುವವರು ಭಾಷೆಯ ಬಗ್ಗೆ ಹೆಚ್ಚು ತಿಳಿದವರಲ್ಲ. ಲಂಡನ್ನಿನವರೂ ನ್ಯೂಯಾರ್ಕಿನವರೂ ವಾರಾಂತ್ಯದ ಪ್ರಿಪೊಸಿಷನ್‌ನಲ್ಲಿ ಒಂದಾಗಿಲ್ಲ ಎಂಬುದನ್ನು ಈಗಷ್ಟೇ ನೋಡಿದೆವು. ‘ಔಟ್ ಆಫ್ ಸ್ಟೇಷನ್’ ಎಂಬ ನಮ್ಮ ಬಳಕೆ ಬ್ರಿಟಿಷ್ ಆಡಳಿತ ಕಾಲದಿಂದ ಬಂದದ್ದು, ಅಧಿಕಾರಿಗಳ ಠಾಣ್ಯಕ್ಕೆ ಆಗ ‘ಸ್ಟೇಷನ್’ ಎನ್ನುತ್ತಿದ್ದರು. ಭಾರತದೊಳಗೆ ಅದು ಚೆನ್ನಾಗಿಯೇ ನಡೆಯುತ್ತದೆ, ಹೊರಗಿನವರಿಗೆ ‘ಔಟ್ ಆಫ್ ಟೌನ್’ ಎಂದು ಹೇಳಿದರಾಯಿತು. ಇನ್ ಬದಲು ಆನ್ ಬಂದರೆ ಬಹುತೇಕ ಸಲ ಅರ್ಥ ಕೆಡುವುದಿಲ್ಲ. ಅರ್ಥವನ್ನೇ ಕೆಡಿಸುವ ಜೋಡಿಗಳು ಕೆಲವೇ: ಬೈ ಮತ್ತು ಅಂಟಿಲ್, ಆನ್ ಟೈಮ್ ಮತ್ತು ಇನ್ ಟೈಮ್. ಮೊದಲು ಅವನ್ನು ಹಿಡಿಯಿರಿ, ಉಳಿದದ್ದನ್ನು ಮಾತಾಡುತ್ತಲೇ ತಿದ್ದಿಕೊಳ್ಳಿ. ಕನ್ನಡ ಮಾಧ್ಯಮದಲ್ಲಿ ಓದಿದ ಜಾಣ ಮಕ್ಕಳು ಒಂದು ‘ಅಟ್’ಗೆ ಹೆದರಿ ತರಗತಿಯಲ್ಲಿ ಬಾಯಿಮುಚ್ಚಿ ಕೂರುವುದು ನನಗೆ ಸಹಿಸಲಾಗದ ಸಂಗತಿ.

ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವಾಗ?

ಖಾಲಿ ಜಾಗದ ಎರಡೂ ಬದಿ ನೋಡಿ. ಮುಂದಿನ ನಾಮಪದ ಗಂಟೆಯೋ, ದಿನವೋ, ತಿಂಗಳೋ? ಹಿಂದಿನ ಕ್ರಿಯಾಪದ ತನ್ನದೇ ಪ್ರಿಪೊಸಿಷನ್ ಕೇಳುವಂಥದ್ದೋ? ಉದಾಹರಣೆಗೆ ‘ಅರೈವ್’ ಕಂಡ ಕೂಡಲೇ ಟು ಹೊರಗೆ ಹೋಯಿತು.

ಸಂದೇಹ ಬಂದಾಗ ಎಲ್ಲಿ ನೋಡಬೇಕು?

ಇಂಗ್ಲಿಷ್-ಕನ್ನಡ ನಿಘಂಟು ಇದಕ್ಕೆ ಸಾಲದು. ಅದು ಅರ್ಥ ಕೊಡುತ್ತದೆ, ಪದದ ಜೊತೆಗಾರರನ್ನು ತೋರಿಸುವುದು ಕಡಿಮೆ. ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ಸಂಸ್ಥೆಗಳು ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟುಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲಿ ಪ್ರಿಪೊಸಿಷನ್ ಹುಡುಕಬೇಡಿ, ‘ಆನ್’ ಎಂದು ಹುಡುಕಿದರೆ ಪುಟಗಟ್ಟಲೆ ಬರುತ್ತದೆ. ನಾಮಪದವನ್ನೋ ಕ್ರಿಯಾಪದವನ್ನೋ ಹುಡುಕಿ: ‘ವೀಕೆಂಡ್’, ‘ಕಾರ್ನರ್’, ‘ಅರೈವ್’. ಕೆಳಗಿನ ಉದಾಹರಣೆ ವಾಕ್ಯಗಳಲ್ಲಿ ಅದರ ಪ್ರಿಪೊಸಿಷನ್ ದಪ್ಪ ಅಕ್ಷರದಲ್ಲಿ ಅನೇಕ ಸಲ ಕಾಣುತ್ತದೆ. ಸಿಕ್ಕಿದ ಜೋಡಿಯನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳುವಾಗ ನಿಮ್ಮ ಊರು, ನಿಮ್ಮ ಬೀದಿ, ನಿಮ್ಮ ಕೆಲಸದ ವೇಳೆ ಸೇರಿಸಿ ಸ್ವಂತ ವಾಕ್ಯ ಮಾಡಿ ಬರೆಯಿರಿ.